ಆದಿತ್ಯವಾರಕ್ಕೆ ಬೇಕಾದ ಮೀನು

ಅಲ್ಲ ತಂಸೀರ್, ಆ ಗೋಲ್ಡ್ ಫಿಶ್ ಬೇಡವೇ ಬೇಡ! ನೋಡ್ಲಿಕ್ಕೆ ಚಂದ, ಒಪ್ಪುತ್ತೇನೆ. ಈ ಕೀತ್‌ನ ಕೈಯಲ್ಲಿ ಸಾಯದ ಮೀನು ಉಂಟಾ ಹೇಳು... ಎಂತ ನಗುವುದು? ಉಪ್ಪಳದಲ್ಲಿ ಸಾಕುವ ಮೀನಿನ ಅಂಗಡಿ ಇಟ್ಟವ ನೀನು, ನಿನಗೆ ನಗು. ನನಗೆ ಇದು ಮೊದಲನೇ ಟ್ಯಾಂಕ್ ಮಾರಾಯ. ಗಟ್ಟಿ ಜಾತಿಯದ್ದು ಬೇಕು.

ಗಪ್ಪಿಯಾ? ಆಗಬಹುದು. ಮೊಲ್ಲಿ? ಅದೂ ಹಾಕು. ಹೋದ ಸಲ ಕೊಂಡುಹೋದದ್ದಾ? ಎಲ್ಲ ಹೋಯಿತು. ಎಂಟಕ್ಕೆ ಎಂಟೂ! ಕಳೆದ ಆದಿತ್ಯವಾರ ಬೆಳಿಗ್ಗೆ ನೋಡಿದರೆ ಮೇಲೆ ತೇಲುತ್ತಾ ಉಂಟು.

ನೀರಾ? ಬದಲಿಸಿದ್ದೇನಪ್ಪ! ಪ್ರತಿ ಶನಿವಾರ ಒಂದು ತೊಟ್ಟು ಬಿಡದೆ ಚೆಲ್ಲಿ, ಗಾಜು, ಕಲ್ಲು ಎಲ್ಲ ಉಜ್ಜಿ, ಬಾವಿಯ ಹೊಸ ನೀರು... ಅಯ್ಯೋ, ತಲೆಗೆ ಕೈ ಎಂತಕ್ಕೆ ಇಟ್ಟದ್ದು? ಕಾಲುಭಾಗ ಮಾತ್ರ ತೆಗೆಯಬೇಕಾ? ಹೇಳಬೇಕಿತ್ತಲ್ಲ! ಹೇಳಿದ್ದೀಯಾ... ಇರಬಹುದು. ಮತ್ತೆ ಆಶಾ ವರ್ಕರ್ ಅಕ್ಕ ಹಿಂದಿನ ದಿನವೇ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿ ಹೋಗಿದ್ರು. ನಮಗೆ ಒಳ್ಳೆಯದು, ಮೀನಿಗೂ ಒಳ್ಳೆಯದೇ ಅಂತ ಗ್ರಹಿಸಿದೆ.

ಅಷ್ಟು ತೊಳೆಯುವುದು ಎಂತಕ್ಕಾ? ಆದಿತ್ಯವಾರ ಕ್ರಿಸ್ಟಿನ್ ಬರುವುದಲ್ವಾ! ನನ್ನ ಮಗಳು. ಹೆಂಡತಿ ಶಾರನ್ ನನ್ನನ್ನು ಬಿಟ್ಟು ಅವಳ ಅಮ್ಮನ ಮನೆಗೆ ಹೋದ ಮೇಲೆ ಮಗುವೂ ಅಲ್ಲೇ. ಆದಿತ್ಯವಾರ ಇಗರ್ಜಿಯ ಪ್ರಾರ್ಥನೆ ಮುಗಿಸಿ ಸೀದಾ ನನ್ನಲ್ಲಿಗೆ. ಎರಡೂ ಕಡೆಯವರು ಕೂತು ಹಾಗೆಯೇ ಮಾತಾಡಿದ್ದು. 'ಪಪ್ಪಾ, ಇಲ್ಲಿ ಎಂತ ಉಂಟು ನೋಡ್ಲಿಕ್ಕೆ' ಅಂದಿದ್ದಳು ಅಮ್ಮನೊಟ್ಟಿಗೆ ಮನೆ ಬಿಟ್ಟು ಹೋಗುವಾಗ. ಟ್ಯಾಂಕ್ ಇಟ್ಟದ್ದು ಅದಕ್ಕೇ. ಈಗ ಬಂದರೆ ಹೋಗುವುದೇ ಇಲ್ಲ ಅಂತಾಳೆ! ಗಾಜಿಗೆ ಮೂಗು ಒತ್ತಿ ಕೂತರೆ ಊಟವೂ ಬೇಡ...

ಸತ್ತದ್ದು ನೋಡಿ ಅತ್ತಳಾ? ಇಲ್ಲ... ಅವಳು ನೋಡಲಿಲ್ಲ. ಅಂದರೆ... ಬರುವ ಮೊದಲೇ ಹೂತು ಬಿಟ್ಟೆ. ಹೊಸದು ಎಂತ ಬಣ್ಣದ್ದಾ? ಅವಳಿಗೆ ಎಲ್ಲ ಇಷ್ಟ. ಫೋನ್ ಮಾಡಿ ಕೇಳುವುದಾ? ಬೇಡ, ಬೇಡ. ಅದು... ಶಾರನ್ ಎತ್ತುವುದಿಲ್ಲ.

ಬಲೆ ಹಾಗೇ ಹಿಡಿದು ನಿಂತೆ ಎಂತ? ಮೀನು ಹಿಡಿ ಮಾರಾಯ. ಹಾಗೆ ನೋಡಬೇಡ...

ಬಂದಿಲ್ಲ. ಒಂದು ಆದಿತ್ಯವಾರವೂ ಬಂದಿಲ್ಲ. ನಾಲ್ಕು ತಿಂಗಳಾಯಿತು. ಹತ್ತು ಗಂಟೆಗೆ ಹೋಗಿ ನನ್ನ ಮನೆಯ ಗೇಟಿನಲ್ಲಿ ನಿಲ್ಲುತ್ತೇನೆ. ಮಾಡಿಟ್ಟ ಅನ್ನ ಆರುತ್ತದೆ. ಸಂಜೆಯೂ ಆಗುತ್ತದೆ. ಆ ಮನೆಯಲ್ಲಿ ನಾನು ಬಿಟ್ಟರೆ ಅಲ್ಲಾಡುವಂಥದ್ದು ಆ ಎಂಟೇ ಇದ್ದದ್ದು, ಅದನ್ನೂ ನಾನೇ ಕೊಂದೆ. ಆದರೆ ನಾಳೆ ಆದಿತ್ಯವಾರ, ಬಂದರೆ? ಟ್ಯಾಂಕ್ ಖಾಲಿ ಇರಬಾರದಲ್ಲ.

ಈಗ ಅವಳಿಗೆ ಯಾವ ಬಣ್ಣ ಇಷ್ಟ ಅಂತ ನನಗೆ ಗೊತ್ತಿಲ್ಲ ತಂಸೀರ್. ನಿನ್ನ ಮಗಳಿಗೂ ಏಳು ವರ್ಷ ಅಲ್ವಾ? ಅವಳಿಗೆ ಯಾವುದು ಇಷ್ಟವೋ, ಅದನ್ನೇ ಹಾಕು.