ತೂಗಾಟ ಬೇರೆ, ಕುಲುಕಾಟ ಬೇರೆ

ನಮ್ಮ ಕಾರ್ಖಾನೆಯ ವ್ಯವಸ್ಥಾಪಕರೂ ಈ ಸಭೆಯ ಅಧ್ಯಕ್ಷರೂ ಆದ ಹಿರಿಯರೇ, ಮಡಿಲಲ್ಲಿ ಹೂಗುಚ್ಛ ಇಟ್ಟುಕೊಂಡು ಇದು ಬೇಗ ಮುಗಿದರೆ ಸಾಕು ಎಂಬ ಮುಖದಲ್ಲಿ ಕುಳಿತಿರುವ, ಇಂದು ನಾವು ಬೀಳ್ಕೊಡುತ್ತಿರುವ ಮೇಡಂ ಅವರೇ, ಕರೆಯದಿದ್ದರೂ ಬಂದು ಮೊದಲ ಸಾಲಿನಲ್ಲೇ ಜಾಗ ಹಿಡಿದಿರುವ ನನ್ನ ತಾಯಿಯವರೇ, ಮತ್ತು ಊಟದ ಕೋಣೆಯ ಬಾಗಿಲ ಕಡೆಗೇ ಕುರ್ಚಿ ತಿರುಗಿಸಿಕೊಂಡಿರುವ ಸಭಿಕರೇ,

ಅಧ್ಯಕ್ಷರು ನನಗೆ ಐದು ನಿಮಿಷ ಕೊಟ್ಟಿದ್ದಾರೆ. ವಿಷಯವನ್ನೂ ಅವರೇ ಕೊಟ್ಟಿದ್ದಾರೆ: ನಮ್ಮ ಸಣ್ಣ ವಿದ್ಯುತ್ ಕಾರಿಗೆ ಮೇಡಂ ಅವರ ತಾಂತ್ರಿಕ ಕೊಡುಗೆ. ನಾನು ತಂತ್ರಜ್ಞಾನವನ್ನು ಬಿಟ್ಟು ಆಚೀಚೆ ಹೋಗುವವನಲ್ಲ. ಆದರೆ ಇದರ ಜೊತೆಗೆ ಒಂದು ಸಣ್ಣ ಸ್ವಂತ ಕೆಲಸವನ್ನೂ ಮುಗಿಸಿಕೊಳ್ಳುತ್ತೇನೆ. ಪರೀಕ್ಷಾ ರಸ್ತೆಯ ಕೊನೆಯಲ್ಲಿ ನಿಂತ ಕಾರಿನ ಬಳಿ ಮೇಡಂ ಅವರೂ ನಾನೂ ಏನು ಮಾಡುತ್ತಿದ್ದೆವು ಎಂಬ ಬಗ್ಗೆ ಕ್ಯಾಂಟೀನಿನಲ್ಲಿ ಒಂದು ಸುದ್ದಿ ಓಡಾಡುತ್ತಿದೆ. ಆ ಸುದ್ದಿಗೆ ಇವತ್ತು ಎಲ್ಲರ ಎದುರಿನಲ್ಲಿ ಪೂರ್ಣವಿರಾಮ ಹಾಕುತ್ತೇನೆ.

ಹೊಸಬರಿಗಾಗಿ ಸ್ವಲ್ಪ ಹಿನ್ನೆಲೆ. ನಾನು ಆರಾಮ ವಿಭಾಗದ ಮುಖ್ಯಸ್ಥ. ಕಾರಿನಲ್ಲಿ ಕುಳಿತವರ ಬೆನ್ನು, ಸೊಂಟ, ಹೊಟ್ಟೆ ನನ್ನ ಜವಾಬ್ದಾರಿ. ನೀವು ನನ್ನನ್ನು ದಿಂಬು ಸಾರ್ ಎಂದು ಕರೆಯುವುದು ನನಗೆ ಗೊತ್ತಿಲ್ಲ ಎಂದುಕೊಂಡಿದ್ದೀರಿ. ಗೊತ್ತಿದೆ. ಮೇಡಂ ಅವರು ಹಿಡಿತ ವಿಭಾಗದ ಮುಖ್ಯಸ್ಥೆ. ಕಾರು ತಿರುವಿನಲ್ಲಿ ರಸ್ತೆಯನ್ನು ಕಚ್ಚಿ ಹಿಡಿಯಬೇಕು, ಸ್ಟೀರಿಂಗ್ ಅಲುಗಿಸಿದರೆ ಸಾಕು ಥಟ್ಟನೆ ಹೊರಳಬೇಕು, ಇದು ಅವರ ಜವಾಬ್ದಾರಿ. ನನಗೆ ಬೇಕಾದದ್ದು ಮೆತ್ತಗಿನ ಸ್ಪ್ರಿಂಗು. ಅವರಿಗೆ ಬೇಕಾದದ್ದು ಗಟ್ಟಿ ಸ್ಪ್ರಿಂಗು. ಕಾರಿಗೆ ಬೇಕಾದದ್ದು ಏನು ಎಂದು ಕೇಳಿದವರು ಯಾರು? ಯಾರೂ ಇಲ್ಲ.

ದೊಡ್ಡ ಕಾರಾಗಿದ್ದರೆ ಈ ಜಗಳ ಹೇಗೋ ಮುಚ್ಚಿಹೋಗುತ್ತಿತ್ತು. ನಮ್ಮದು ಸಣ್ಣದು. ಮುಂದಿನ ಗಾಲಿ ಹಳ್ಳದಿಂದ ಮೇಲೆ ಬರುವಷ್ಟರಲ್ಲಿ ಹಿಂದಿನದು ಒಳಗೆ ಇಳಿದಿರುತ್ತದೆ. ನೆಲಹಾಸಿನ ಕೆಳಗೆ ಬ್ಯಾಟರಿ ಎಂಬ ಆನೆ ಮಲಗಿದೆ. ಇದೆಲ್ಲ ಸಾಲದು ಎಂಬಂತೆ, ಮೌನ. ಪೆಟ್ರೋಲ್ ಕಾರಿನಲ್ಲಿ ಎಂಜಿನ್ನಿನ ಗಲಾಟೆ ನಮ್ಮಂಥವರ ಮಾನ ಕಾಪಾಡುತ್ತದೆ. ಇದರಲ್ಲಿ ಎಂಜಿನ್ನೇ ಇಲ್ಲ. ಡ್ಯಾಶ್‌ಬೋರ್ಡು ಕಿರ್ ಎಂದರೆ ಕೇಳಿಸುತ್ತದೆ, ಸೀಟು ಗೊರ್ ಎಂದರೆ ಕೇಳಿಸುತ್ತದೆ, ನಲವತ್ತು ದಾಟಿದವರಿಗೆ ತಮ್ಮ ಮೊಣಕಾಲಿನ ಸದ್ದೂ ಕೇಳಿಸುತ್ತದೆ.

ಮೊದಲ ಸಲ ಅವರು ಗಟ್ಟಿ ಸ್ಪ್ರಿಂಗು ಹಾಕಿ ತಯಾರಿಸಿದ ಮಾದರಿ ಕಾರಿನಲ್ಲಿ ನಾನು ಕುಳಿತ ದಿನ ನನಗೆ ಚೆನ್ನಾಗಿ ನೆನಪಿದೆ. ಮೇಡಂ ಅವರೇ ಓಡಿಸುತ್ತಿದ್ದರು. ಕೂದಲನ್ನು ಪೆನ್ಸಿಲ್ ಸಿಕ್ಕಿಸಿ ಎತ್ತಿ ಕಟ್ಟಿದ್ದರು. ಹಳದಿ ಪೆನ್ಸಿಲ್. ಇದು ತಾಂತ್ರಿಕ ವಿವರವಲ್ಲ, ಸುಮ್ಮನೆ ಹೇಳಿದೆ. "ಸಾರ್, ಬಾಯಿ ಮುಚ್ಕೊಂಡು ಕೂತ್ಕೊಳ್ಳಿ" ಎಂದರು. ಇದೆಂಥ ಮಾತು ಎಂದು ನನಗೆ ಸಿಟ್ಟು ಬಂತು. "ಯಾಕೆ ಮುಚ್ಕೋಬೇಕು" ಎಂದು ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಹಳ್ಳ ಬಂತು, ಹಲ್ಲುಗಳ ನಡುವೆ ನಾಲಗೆ ಸಿಕ್ಕಿತು. ಮರುದಿನದ ಸಭೆಯಲ್ಲಿ ನಾನು ಅವರ ಸ್ಪ್ರಿಂಗನ್ನು ಖಂಡಿಸಿ ಆವೇಶದಿಂದ ಮಾತಾಡಿದೆ. ಆದರೆ ಊದಿದ ನಾಲಗೆಯಲ್ಲಿ ಸ್ಪ್ರಿಂಗು ಎಂಬ ಮಾತು ಹೊರಡಲಿಲ್ಲ. "ಈ ತಿಂಗು ಬೇಡ, ಈ ತಿಂಗು ಬೇಡ" ಎಂದೆ. ಮುಂದಿನ ತಿಂಗಳು ಮಾಡೋಣವೇ ಎಂದು ಅಧ್ಯಕ್ಷರು ಕೇಳಿದರು. ಅಧ್ಯಕ್ಷರು ನಗುತ್ತಿದ್ದಾರೆ. ಅಂದೂ ಹೀಗೇ ನಕ್ಕಿದ್ದರು.

ಇದಕ್ಕೆ ಪ್ರತಿಯಾಗಿ ನಾನು ಅವರನ್ನು ಮೆತ್ತಗಿನ ಸ್ಪ್ರಿಂಗು ಹಾಕಿದ ನನ್ನ ಮಾದರಿ ಕಾರಿನಲ್ಲಿ ಕೂರಿಸಿದೆ. ಮೋಡದ ಮೇಲೆ ತೇಲಿದಂಥ ಕಾರು ಅದು. ವೇಗವೂ ಹೆಚ್ಚಿರಲಿಲ್ಲ, ಸೈಕಲ್ಲೊಂದು ನಮ್ಮನ್ನು ದಾಟಿ ಹೋಯಿತು. ಎರಡನೆಯ ತಿರುವಿನಲ್ಲಿ ಅವರು ಕಣ್ಣು ಮುಚ್ಚಿದರು. ಮೂರನೆಯದರಲ್ಲಿ ಕಿಟಕಿ ಇಳಿಸಿದರು. "ಸಾರ್, ಇದು ಕಾರಾ, ದೋಣಿನಾ?" ಎಂದರು. ಆಮೇಲೆ ಹಿಂದಿನ ಸೀಟಿನಲ್ಲಿದ್ದ ನನ್ನ ಟೋಪಿಗೆ ಕೈ ಚಾಚಿದರು. ಸಭಿಕರೇ, ಇದು ಊಟಕ್ಕೆ ಮುಂಚಿನ ಭಾಷಣ. ಆದ್ದರಿಂದ ಟೋಪಿಯ ಗತಿಯನ್ನು ನಾನು ವಿವರಿಸುವುದಿಲ್ಲ. ಮಾರನೆಯ ವಾರ ಅವರು ಹೊಸ ಟೋಪಿ ತಂದುಕೊಟ್ಟರು. ಅಳತೆ ಕೇಳಿರಲಿಲ್ಲ, ಆದರೂ ಸರಿಯಾಗಿ ಕೂತಿತು. ಅಂದರೆ ನನ್ನ ತಲೆಯನ್ನು ಅವರು ಯಾವಾಗಲೋ ಗಮನವಿಟ್ಟು ನೋಡಿರಬೇಕು. ಯಾವಾಗ? ಏಕೆ? ಇರಲಿ, ತಂತ್ರಜ್ಞಾನಕ್ಕೆ ಬರುತ್ತೇನೆ.

ಹೀಗೆ ಜಗಳ ಎಳೆದಾಡಿ ಎಳೆದಾಡಿ, ಕೊನೆಗೊಂದು ದಿನ ಅಧ್ಯಕ್ಷರು ಇಬ್ಬರನ್ನೂ ಕರೆದು ಹೇಳಿದರು: "ಈ ತಿಂಗಳ ಕೊನೆಯೊಳಗೆ ಇಬ್ಬರೂ ಒಂದೇ ಕಾರಿಗೆ ಸಹಿ ಹಾಕಿ. ಇಲ್ಲಾಂದ್ರೆ ಹೊರಗಿನಿಂದ ಸಲಹೆಗಾರರನ್ನ ಕರೆಸ್ತೀನಿ. ನಿಮ್ಮ ಎರಡೂ ವಿಭಾಗ ಮುಚ್ಚಿ ಅವರ ಕೈಗೆ ಕೊಡ್ತೀನಿ." ಅದು ತಮಾಷೆಯ ಮಾತಾಗಿರಲಿಲ್ಲ. ನಮ್ಮಿಬ್ಬರ ಕೆಳಗೆ ದುಡಿಯುತ್ತಿದ್ದವರ ಮುಖಗಳು ನೆನಪಾದವು. ಅವರಲ್ಲಿ ಬಹಳ ಮಂದಿ ಇಲ್ಲೇ ಕುಳಿತಿದ್ದೀರಿ.

ಮೂರನೆಯವರೊಬ್ಬರು ಎರಡೂ ಕಾರಿನಲ್ಲಿ ಕುಳಿತು ತೀರ್ಪು ಹೇಳಲಿ ಎಂದು ನಾನು ಸೂಚಿಸಿದೆ. ಯಾರ ಪರವೂ ಇಲ್ಲದ, ವಯಸ್ಸಾದ, ಬೆನ್ನು ನೋವಿರುವ ಒಬ್ಬರು. ಅವರು ನನ್ನ ತಾಯಿಯೇ ಆಗಿದ್ದದ್ದು ಕಾಕತಾಳೀಯ. ಅಮ್ಮ ಟೆಲಿಫೋನ್ ಕಚೇರಿಯಲ್ಲಿ ಮೂವತ್ತು ವರ್ಷ ಬೇರೆಯವರ ಮಾತು ಕೇಳಿಸಿಕೊಂಡವರು, ನಿವೃತ್ತರಾದ ಮೇಲೆ ತಾವು ಮಾತಾಡಲು ಶುರು ಮಾಡಿದವರು. ನನ್ನ ಕಾರಿನಲ್ಲಿ ಕುಳಿತರು, ಅರ್ಧ ಸುತ್ತಿನಲ್ಲೇ ನಿದ್ದೆ ಹೋದರು. ನಾನು ಗೆದ್ದೆ ಎಂದುಕೊಂಡೆ. ಆಮೇಲೆ ಮೇಡಂ ಅವರ ಕಾರಿನಲ್ಲಿ ಕುಳಿತರು. ಮೊದಲ ತಿರುವಿನಲ್ಲೇ ಒಂದು ಕಿರುಚು ಕೇಳಿಸಿತು. ನಾನು ಗಾಬರಿಯಾಗಿ ಕಾರಿನ ಹಿಂದೆ ಓಡಿದೆ. ಕಾರು ನಿಂತಿತು. ಅಮ್ಮ ಕಟ್ಟಿಸಿಕೊಂಡ ಹಲ್ಲಿನ ಸೆಟ್ಟನ್ನು ಕೈಯಲ್ಲಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು.

"ಇನ್ನೊಂದು ಸುತ್ತು ಹಾಕಮ್ಮ" ಎಂದರು.

"ಅಮ್ಮ, ನನ್ನ ಕಾರು?" ಎಂದೆ.

"ನಿನ್ನ ಕಾರಲ್ಲಿ ನಿದ್ದೆ ಬರುತ್ತೆ ಕಣೋ. ನಿದ್ದೆ ಮಾಡೋಕೆ ಮನೇಲಿ ಮಂಚ ಇದೆಯಲ್ಲ."

ಹೆತ್ತ ತಾಯಿ, ಸಭಿಕರೇ. ನನ್ನ ವಿಭಾಗದ ಹುಡುಗರ ಎದುರಿನಲ್ಲೇ. ಮಾರನೆಯ ದಿನ ಸೊಂಟ ಹಿಡಿದುಕೊಂಡು, ಮುಲಾಮು ತಾ ಎಂದದ್ದೂ ಇದೇ ತಾಯಿ. ಆದರೆ ಆ ಹೇಳಿಕೆಯನ್ನು ಸಭೆಯಲ್ಲಿ ದಾಖಲಿಸಲು ಒಪ್ಪಲಿಲ್ಲ.

ಈಗ ಆ ಸುದ್ದಿಯ ವಿಷಯ. ಗಡುವು ಮುಗಿಯಲು ಇನ್ನೇನು ಸ್ವಲ್ಪವೇ ಉಳಿದಿತ್ತು. ಒಂದು ಮಧ್ಯಾಹ್ನ ಇಬ್ಬರೂ ಒಂದೇ ಕಾರಿನಲ್ಲಿ ಹೊರಟೆವು, ವಾದ ಮಾಡುತ್ತಾ ಮಾಡುತ್ತಾ ಸುತ್ತಿದೆವು. ಚಾರ್ಜು ನೋಡುವುದು ಇಬ್ಬರಿಗೂ ಮರೆತುಹೋಯಿತು. ಪರೀಕ್ಷಾ ರಸ್ತೆಯ ಆ ತುದಿಯಲ್ಲಿ, ಎದೆಮಟ್ಟ ಬೆಳೆದ ಹುಲ್ಲಿನ ಪಕ್ಕ, ಕಾರು ನಿಂತೇಬಿಟ್ಟಿತು. ಎಳೆದುಕೊಂಡು ಹೋಗುವ ಗಾಡಿಗೆ ಫೋನ್ ಮಾಡಿದೆವು. ಅದರ ಚಾಲಕ ಊಟಕ್ಕೆ ಹೋಗಿದ್ದ.

ನಿಂತ ಕಾರು ಮೆತ್ತಗೂ ಇಲ್ಲ, ಗಟ್ಟಿಯೂ ಇಲ್ಲ. ಜಗಳವಾಡಲು ಏನೂ ಇರಲಿಲ್ಲ. ಸ್ವಲ್ಪ ಹೊತ್ತು ಇಬ್ಬರೂ ಹುಲ್ಲು ನೋಡಿದೆವು. ಆಮೇಲೆ ಮೇಡಂ ಅವರು ಕೇಳಿದರು:

"ಸಾರ್, ನಿಜ ಹೇಳಿ. ನನ್ನ ಕಾರಲ್ಲಿ ನಿಮಗೆ ಆಗದೇ ಇರೋದು ಏನು?"

"ಕುಲುಕೋದು ಮೇಡಂ. ಹಳ್ಳಕ್ಕೆ ಬಿದ್ದಾಗ ಕೆಳಗಿಂದ ಒದ್ದ ಹಾಗೆ ಆಗುತ್ತಲ್ಲ, ಅದು."

"ತಿರುವಲ್ಲಿ?"

"ತಿರುವಲ್ಲಿ ಏನೂ ತೊಂದರೆ ಇಲ್ಲ. ಚೆನ್ನಾಗೇ ಇರುತ್ತೆ."

ಅವರು ನನ್ನನ್ನೇ ನೋಡಿದರು. "ಮೂರು ವರ್ಷದಲ್ಲಿ ಇದನ್ನ ಒಂದ್ಸಲನೂ ಹೇಳಿಲ್ಲ ನೀವು."

"ನೀವು ಕೇಳಿಲ್ಲ. ನನ್ನ ಕಾರಲ್ಲಿ ನಿಮಗೆ ಯಾವುದು ಆಗಲ್ಲ?"

"ತೂಗೋದು ಸಾರ್. ತಿರುವಲ್ಲಿ ಪಕ್ಕಕ್ಕೆ ವಾಲುತ್ತಲ್ಲ. ಹಿಡ್ಕೊಳ್ಳೋಕೆ ಏನೂ ಇಲ್ಲ ಅನ್ಸುತ್ತೆ. ಭಯ ಆಗುತ್ತೆ."

ಭಯ. ಈ ಕಾರ್ಖಾನೆಯಲ್ಲಿ ಯಾರಿಗೂ ಹೆದರದ ಹೆಂಗಸು ಆ ಮಾತನ್ನು ಮೆಲ್ಲಗೆ, ಪೆನ್ಸಿಲ್ಲನ್ನು ಕೂದಲಿಂದ ತೆಗೆದು ಮತ್ತೆ ಸಿಕ್ಕಿಸುತ್ತಾ ಹೇಳಿದರು. ನನಗೆ ಎದೆಯಲ್ಲಿ ಒಂದು ಥರ ಆಯಿತು. ಅದು ತಾಂತ್ರಿಕ ಉತ್ಸಾಹ ಎಂದೇ ನಾನು ಆಗ ತಿಳಿದೆ.

ಏಕೆಂದರೆ, ಸಭಿಕರೇ, ತೂಗಾಟ ಬೇರೆ, ಕುಲುಕಾಟ ಬೇರೆ. ಅವರು ಓಡಿಹೋಗುತ್ತಿದ್ದದ್ದು ಒಂದರಿಂದ, ನಾನು ಓಡಿಹೋಗುತ್ತಿದ್ದದ್ದು ಇನ್ನೊಂದರಿಂದ. ಹಾಗಾದರೆ ಜಗಳ ಎಲ್ಲಿತ್ತು? ಸ್ಪ್ರಿಂಗು ಮೆತ್ತಗಿರಲಿ, ಕುಲುಕುವುದಿಲ್ಲ. ಎಡಗಾಲಿಯನ್ನೂ ಬಲಗಾಲಿಯನ್ನೂ ಜೋಡಿಸುವ ಅಡ್ಡಸರಳು ಗಟ್ಟಿಯಿರಲಿ, ವಾಲುವುದಿಲ್ಲ. ಆನೆಯಂಥ ಬ್ಯಾಟರಿಯೂ ತಳದಲ್ಲೇ ಮಲಗಿರುವುದರಿಂದ ಕಾರಿಗೆ ಮೊದಲೇ ವಾಲುವ ಚಟ ಕಡಿಮೆ. ಇಷ್ಟು ಹೊಳೆದದ್ದೇ ತಡ, ಇಬ್ಬರೂ ಕೆಳಗೆ ಹಾರಿದೆವು. ಅವರು ಆ ಬದಿಯಲ್ಲಿ ಬಗ್ಗಿ ಕಾರನ್ನು ಒತ್ತಿದರು, ನಾನು ಈ ಬದಿಯಲ್ಲಿ ಬಗ್ಗಿ ಒತ್ತಿದೆ. "ನೀವು ಬಿಡಿ ಸಾರ್, ನಾನು ಒತ್ತುತ್ತೀನಿ", "ಈಗ ಇಬ್ಬರೂ ಒಟ್ಟಿಗೆ", ಹೀಗೆ ಕೂಗುತ್ತಾ, ನಗುತ್ತಾ, ಬೆವರು ಸುರಿಸುತ್ತಾ. ಆ ಹೊತ್ತಿಗೆ ಸರಿಯಾಗಿ ಎಳೆಯುವ ಗಾಡಿಯ ಚಾಲಕ ಬಂದ. ಹುಲ್ಲಿನ ಮರೆಯಿಂದ ಅವನಿಗೆ ಕಂಡದ್ದು ಕುಣಿಯುತ್ತಿರುವ ಕಾರಿನ ಚಾವಣಿ ಮಾತ್ರ. ಕೇಳಿಸಿದ್ದು ನಮ್ಮಿಬ್ಬರ ದನಿ ಮಾತ್ರ. ಅವನು ಗಾಡಿ ತಿರುಗಿಸಿಕೊಂಡು ನೇರವಾಗಿ ಕ್ಯಾಂಟೀನಿಗೆ ಹೋದ.

ನಾವು ಕಾರನ್ನು ತಳ್ಳಿಕೊಂಡು ಬಂದೆವು. ಆದ್ದರಿಂದ ಎಲ್ಲರ ಎದುರಿನಲ್ಲಿ ಸ್ಪಷ್ಟವಾಗಿ ಹೇಳುತ್ತೇನೆ: ಅಂದು ಅಲ್ಲಿ ನಡೆದದ್ದು ಅಡ್ಡಸರಳಿನ ಅಧ್ಯಯನ. ಬೇರೇನೂ ನಡೆಯಲಿಲ್ಲ. ದುರದೃಷ್ಟವಶಾತ್.

ಆ ಕೊನೆಯ ಪದವನ್ನು ವರದಿಯಲ್ಲಿ ಸೇರಿಸಬೇಡಿ.

ಕಾರು ಸಿದ್ಧವಾಯಿತು. ಇಬ್ಬರೂ ಸಹಿ ಹಾಕಿದೆವು. ಯಾರ ಕೆಲಸವೂ ಹೋಗಲಿಲ್ಲ. ನೀವೆಲ್ಲ ಚಪ್ಪಾಳೆ ತಟ್ಟಿದಿರಿ, ನಾನೂ ತಟ್ಟಿದೆ. ಆದರೆ ಅಂದಿನಿಂದ ಶುರುವಾದ ಶಾಂತಿ ಇದೆಯಲ್ಲ, ಅದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಜಗಳಕ್ಕೆ ವಿಷಯವೇ ಇಲ್ಲ. ನಾನು ಕೈಲಾದ ಪ್ರಯತ್ನ ಮಾಡಿದೆ. ಬಾಗಿಲ ಹಿಡಿಕೆ ಕೆಂಪಗಿರಲಿ ಎಂದೆ. "ಇರಲಿ ಸಾರ್, ಚೆನ್ನಾಗಿರುತ್ತೆ" ಎಂದರು. ಕಪ್ಪಗಿರಲಿ ಎಂದೆ. "ಅದೂ ಚೆನ್ನಾಗಿರುತ್ತೆ" ಎಂದರು. ಅಂದು ನನಗೆ ಊಟ ಸೇರಲಿಲ್ಲ. ನನ್ನ ಕೋಣೆಯ ಬಾಗಿಲನ್ನು ತಟ್ಟದೆ ತಳ್ಳಿಕೊಂಡು ಬಂದು, ಕುರ್ಚಿಯಲ್ಲಿ ಕೂರದೆ, ಮೇಜಿನ ಮೇಲೆ ಕೈಯೂರಿ "ಸಾರ್, ಇದೇನ್ ಮಾಡಿಟ್ಟಿದ್ದೀರಿ" ಎನ್ನುವವರು ಯಾರೂ ಬರಲಿಲ್ಲ. ಆಮೇಲೆ ಮೇಡಂ ಅವರಿಗೆ ದೂರದ ಊರಿನ ಲಾರಿ ಕಾರ್ಖಾನೆಗೆ ಬಡ್ತಿ ಬಂತು. ಲಾರಿಗೆ ಆರಾಮ ವಿಭಾಗವೇ ಇಲ್ಲ. ಅಲ್ಲಿ ಅವರ ಜೊತೆ ಜಗಳವಾಡುವವರು ಯಾರು?

ಕಳೆದ ಭಾನುವಾರ ಅಮ್ಮ ಹೊರಗಿನಿಂದ ಬಂದರು. ಕೂದಲು ಕೆದರಿತ್ತು, ಮುಖ ಕೆಂಪಾಗಿತ್ತು. ಎಲ್ಲಿಗೆ ಹೋಗಿದ್ದೆ ಎಂದರೆ, ಮೇಡಂ ಜೊತೆ ಒಂದು ಸುತ್ತು ಹೋಗಿದ್ದೆ, ಪ್ರತಿ ಭಾನುವಾರವೂ ಹೋಗುತ್ತೇನೆ ಎಂದರು. ನನಗೆ ತಿಳಿಯದಂತೆ, ತಿಂಗಳುಗಟ್ಟಲೆ.

"ಅವಳು ಊರು ಬಿಡ್ತಾಳಂತೆ. ನೀನು ಏನಾದ್ರೂ ಹೇಳ್ದ್ಯಾ?"

"ಅಭಿನಂದನೆ ಹೇಳ್ದೆ ಅಮ್ಮ."

ಅಮ್ಮ ಹಲ್ಲು ತೆಗೆದು ಲೋಟದ ನೀರಿಗೆ ಹಾಕಿದರು. ನನ್ನ ಮೇಲೆ ನಿಜವಾಗಿ ಬೇಸರವಾದಾಗ ಮಾತ್ರ ಅವರು ಮಾತಿನ ನಡುವೆ ಹೀಗೆ ಮಾಡುತ್ತಾರೆ.

"ಮೂರು ವರ್ಷ ಸ್ಪ್ರಿಂಗು ಸ್ಪ್ರಿಂಗು ಅಂತ ಬಾಯಿ ಬಡ್ಕೊಂಡೆ. ಇದೊಂದು ಮಾತಿಗೆ ಬಾಯಿ ಬರಲ್ವಾ? ಅವಳೇ ಕೇಳಿದ್ಲು, ಸಾರ್ ಯಾಕೆ ಈಗೀಗ ಎಲ್ಲದಕ್ಕೂ ಹೂಂ ಅಂತಾರೆ, ಮೈ ಹುಷಾರಿಲ್ವಾ ಅಂತ."

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಮುಗಿಸುತ್ತೇನೆ. ಮೇಡಂ, ಮದುವೆಯ ವಿಚಾರದಲ್ಲಿ ನಾನು ನಲವತ್ತಾರರಲ್ಲೂ ಪರೀಕ್ಷಾ ಹಂತದಲ್ಲೇ ಇರುವ ಮಾದರಿ. ಲಾರಿ ಕಾರ್ಖಾನೆಗೆ ನೀವು ಹೋಗಲೇಬೇಕು, ಆ ಕೆಲಸ ನಿಮ್ಮದೇ. ಆ ಊರಿನಲ್ಲಿ ಸೀಟು ತಯಾರಿಸುವ ಒಂದು ಸಣ್ಣ ಕಾರ್ಖಾನೆ ಇದೆ, ಅವರಿಗೆ ಬೆನ್ನಿನ ಬಗ್ಗೆ ತಿಳಿದವರೊಬ್ಬರು ಬೇಕಂತೆ. ನಾನು ವಿಚಾರಿಸಿದ್ದೇನೆ. ಇದು ಅಧ್ಯಕ್ಷರಿಗೆ ಈಗಷ್ಟೇ ಗೊತ್ತಾಗುತ್ತಿದೆ, ಕ್ಷಮಿಸಬೇಕು. ನಿಮಗೆ ಒಪ್ಪಿಗೆಯಾದರೆ ನಾನೂ ಅಮ್ಮನೂ ಆ ಊರಿಗೆ ಬರುತ್ತೇವೆ. ಒಪ್ಪಿಗೆಯಿಲ್ಲದಿದ್ದರೆ ಇದನ್ನೂ ತಾಂತ್ರಿಕ ಭಾಷಣವೆಂದೇ ತಿಳಿಯಿರಿ, ಊಟಕ್ಕೆ ಹೋಗೋಣ.

ಸಭಿಕರೇ, ದಯವಿಟ್ಟು ಕುಳಿತುಕೊಳ್ಳಿ. ಹಿಂದಿನವರಿಗೆ ಕಾಣುತ್ತಿಲ್ಲವಂತೆ. ಮೇಡಂ ಅವರು ಹೂಗುಚ್ಛವನ್ನು ಕುರ್ಚಿಯ ಮೇಲೆ ಇಟ್ಟು ಎದ್ದು ನಿಂತಿದ್ದಾರೆ. ಎರಡು ಬೆರಳು ಎತ್ತಿ ತೋರಿಸುತ್ತಿದ್ದಾರೆ. ಸಭೆಗಳಲ್ಲಿ ಅವರು ಈ ಸನ್ನೆ ಮಾಡಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅದಕ್ಕೆ ಇರುವುದು ಒಂದೇ ಅರ್ಥ: ಒಪ್ಪಿಗೆ ಇದೆ, ಎರಡು ತಿದ್ದುಪಡಿಗಳೊಂದಿಗೆ.

ತಿದ್ದುಪಡಿಗಳು ಯಾವುವೆಂದು ಕೇಳಿಕೊಳ್ಳಲು ನಾನು ಕೆಳಗೆ ಇಳಿಯುತ್ತಿದ್ದೇನೆ. ಎರಡನ್ನೂ ವಿರೋಧಿಸಬೇಕೆಂದಿದ್ದೇನೆ. ಕೊಟ್ಟ ಐದು ನಿಮಿಷವನ್ನು ಇಷ್ಟುದ್ದ ಎಳೆದರೂ ಮೈಕು ಕಿತ್ತುಕೊಳ್ಳದ ಅಧ್ಯಕ್ಷರಿಗೆ, ಊಟ ಆರಿದರೂ ಎದ್ದು ಹೋಗದ ನಿಮಗೆಲ್ಲರಿಗೂ, ಮೊದಲ ಸಾಲಿನಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿರುವ ಅಮ್ಮನಿಗೆ ನನ್ನ ವಂದನೆಗಳು. ನಮಸ್ಕಾರ.