ಮಹಾವೀರನ ಎಡಗಾಲು

…ಅಲ್ಲಿ ಚುಚ್ಚಬ್ಯಾಡ ತಂಗಿ, ಆ ಪ್ಲಗ್ಗು ಕರೆಂಟ್ ಹೊಡಿತೈತಿ. ಈ ಕಡೆ, ಕಿಡಕಿ ಬಾಜೂಕ ಇನ್ನೊಂದೈತಿ ನೋಡು. ಹಾಂ. ಟೇಪ್‌ರೆಕಾರ್ಡರ್ ಅಲ್ಲೇ ಸ್ಟೂಲಿನ ಮ್ಯಾಲ ಇಡು. ನೀ ಇತ್ತ ಬಾ, ಬೆಳಕಿನ್ಯಾಗ ಕುಂದರು, ತುಟಿ ಕಾಣುವಂಗ. ಯಾಕ ಹಂಗ ನೋಡತಿ? ಅರಿವಿ ನೇಯೂ ಲೂಮಿನ ಮಂದಿ ರೂಢಿ ಇದು. ಇಪ್ಪತ್ತು ವರ್ಷ ಆ ಖಡಖಡದಾಗ ನಿಂತವರು ನಾವು, ಮಾತು ಕಣ್ಣಲೇ ಕೇಳತೇವಿ. ಇಚಲಕರಂಜ್ಯಾಗ ಗಂಡಾ-ಹೆಂಡ್ತಿ ಜಗಳಾನೂ ಮಾರಿ ನೋಡಿಕೋತ ಆಗಬೇಕು. ಒಬ್ಬರು ಬೆನ್ನ ತಿರುಗಿಸಿದ್ರ ಜಗಳ ಮುಗೀತು.

ನಗಾಕತ್ತಿ… ನಗು, ನಗು. ನಿಮ್ಮಣ್ಣಗೂ ಹಿಂಗ ಒಂದ ಗಲ್ಲಕ್ಕ ಕುಳಿ ಬೀಳತಿತ್ತು.

ಚಹಾ ಕುಡಿ. ನಮ್ಮ ಓಣ್ಯಾಗ ಚಹಾದ ಮ್ಯಾಲ ಕೆನಿ ಕಟ್ಟೂದಿಲ್ಲ, ಗೊತ್ತೈತೇನು? ಎಡಕ್ಕ ಹನ್ನೆರಡು ಲೂಮು, ಬಲಕ್ಕ ಹದಿನಾರು. ನೆಲಾ ಹಗಲೆಲ್ಲಾ ನಡಗತೈತಿ. ಬಶಿಯೊಳಗ ನೋಡು, ಚಹಾ ಹೆಂಗ ಥಕಥಕ ಕುಣಿಯಾಕತ್ತೈತಿ. ಅದಕ್ಕ ನಾ ಮನ್ಯಾಗಿದ್ದಾಗ ಈ ಮಂಚದ ಮ್ಯಾಲ ಕಾಲು ಮಡಚಿ ಕುಂದರತೇನಿ. ಕಾಲಿಗೂ ಒಂದ ಸೂಟಿ ಬೇಕಲ್ಲ.

ಈಗ ನಿನ್ನ ಕೆಲಸಾ. ತಪ್ಪಿದ್ರ ಹೇಳು. ನೀ ಜಿನಮತಿ, ನಮ್ಮ ಮಹಾವೀರನ ತಂಗಿ. ಗಡಹಿಂಗ್ಲಜದಿಂದ ಎರಡು ಬಸ್ಸು ಬದಲಿ ಮಾಡಿ ಬಂದಿ. ಅಣ್ಣಾ ಕಾಮಾಲಿ ಆಗಿ ಹೋಗಿ ಈ ಐತವಾರಕ್ಕ ವರ್ಷ ಆಗತೈತಿ. ಅವನ ಟ್ರಂಕಿನ ತಳದಾಗ ಹೆಸರಿಲ್ಲದ ಒಂದ ಕ್ಯಾಸೆಟ್ಟು ಸಿಕ್ಕೈತಿ, ಅದರಾಗ ಯಾರೋ ಗಂಟಲ ಹರಕೊಂಡು ಒದರತಾರ. ಶಿರೋಳಿ ಫೌಂಡ್ರಿಯ ಗುಂಡ್ಯಾ, 'ಮಹಾವೀರನ ಹಾಡು ಖರೆ, ಹಾಡಿದಾಂವ ನಾನು, ಅದು ನನ್ನ ಧ್ವನಿ' ಅನ್ನಾಕತ್ತಾನ. ನಿಮ್ಮವ್ವ ಸೋನಾಬಾಯಿ, 'ನನ್ನ ಮಗಂದಾದ್ರ ಹಾಕ್ರಿ, ಎಷ್ಟ ಒದರಿದ್ರೂ ಕೇಳತೇನಿ. ಮಂದೀದಾದ್ರ ಮನ್ಯಾಗ ಇಡಬ್ಯಾಡ್ರಿ' ಅಂದಾಳ. ಹೌದಲ್ಲ? ನೀವು ಕೇಳಿದ್ದು ಅಂವ ಬಸದ್ಯಾಗ ಸ್ತವನಾ ಹಾಡೂ ಧ್ವನಿ, ಬೆಣ್ಣಿ ಹಂಗ. ಈ ಒದರೂದು ನಿಮಗ ಹೆಂಗ ಗುರತ ಸಿಗಬೇಕು?

ಬರೋಬ್ಬರಿ ಮನಿಗೆ ಬಂದಿ. ಮೂರು ವರ್ಷ ಅವನ ಬೆನ್ನ ಹಿಂದ ಕುಂತು ಎಣ್ಣಿ ಡಬ್ಬಾ ಬಾರಿಸಿದಾಂವ ಈ ಸಖಾರಾಮ. ಅವನ ಧ್ವನಿ ಗುರತ ಹಿಡಿಯಾಕ ನನ್ನ ಬಿಟ್ಟು ಇನ್ಯಾರ ಅದಾರ? ಐತವಾರ ಕೊಲ್ಹಾಪುರದಾಗ ಅಭಿಮಾನಿಗಳೆಲ್ಲಾ ಕೂಡತಾರ, ನನಗ ಸ್ಟೇಜಿನ ಮ್ಯಾಲ ಖುರ್ಚಿ ಇಟ್ಟಾರ. ಒತ್ತು ಬಟನ್.

ಒತ್ತಿದೇನು? ಹಾಂ, ಚಕ್ರ ತಿರುಗಾಕತ್ತಾವ.

…ಅವನ. ನೂರಕ್ಕ ನೂರು ಅವನ. ಆತಲ್ಲ?

ಯಾಕ, ಇಷ್ಟ ಲಗೂ ಹೇಳಿದ್ನಂತ ಸಂಶೇ? ನಿಮ್ಮಪ್ಪ ತಾತ್ಯಾಸಾಹೇಬ್ರು ಬೆಲ್ಲದ ಪೆಂಟಿಗೆ ಒಂದ ಬೆರಳು ಬಡದು ಯಾವ ಗಾಣದ್ದಂತ ಹೇಳತಾರಲ್ಲ, ಹಂಗ. ಯಾವ ಹಾಡಂತಿ? ಅದ… ಅರಿವಿ ಥಾನದ ಹಾಡು. ಅಲ್ಲೇನು? ಹಾಂ, ಗೋಣು ಹಾಕಿದಿ. ನೋಡು ಮತ್ತ. ಅವನ ಶುರುವಾತ್ ಯಾವಾಗಲೂ ಅದರಿಂದನ.

ಬಂದ್ ಮಾಡಬ್ಯಾಡ, ನಡೀಲಿ ಅದು. ಅವನ ಕಥಿ ಹೇಳತೇನಿ, ಮನ್ಯಾಗ ನಿಮಗ ಯಾರ ಹೇಳಿರತಾರ?

ಎಂಬತ್ತೆರಡನೇ ಇಸವಿ. ಇಲ್ಲೇ, ಗಣಪತಿ ಮಂಡಳದ ಸ್ಟೇಜು. ಮಂಡಳದವರು ಭಜನಿ ಅಂತ ತಿಳಕೊಂಡು ಕರದಿದ್ರು. ಹೆಸರು ಮಹಾವೀರ, ಬೆಲ್ಲದ ವ್ಯಾಪಾರಸ್ಥರ ಮಗ, ಅಂದಮ್ಯಾಲ ಇನ್ನೇನ ಹಾಡ್ಯಾನು? ಪಡದೆ ಸರೀತು. ನಿಂತಾನ ನಿಮ್ಮಣ್ಣಾ, ಕೂದಲಾ ಮುಳ್ಳಹಂದೀಗತೆ ನೆಟ್ಟಗ. ಏನ ಹಚ್ಚಿದ್ದ ಗೊತ್ತೇನು? ನೂಲಿಗೆ ಹಚ್ಚೂ ಗಂಜಿ. ನಾನ ಒಂದ ತಂಬಿಗಿ ತಂದಕೊಟ್ಟಿದ್ದೆ. ಅಂಗಿ ತುಂಬ ಸೇಫ್ಟಿ ಪಿನ್ನು. ಕೊಲ್ಹಾಪುರದಾಗ ಪಾಲಿಟೆಕ್ನಿಕ್ ಕಲಿಯೂ ಮುಂದ ಯಾರೋ ವಿಲಾಯತಿ ಕ್ಯಾಸೆಟ್ಟು ಕೇಳಸಿದ್ರಂತ, ಅದನ್ನ ಕೇಳಿ ಕಾಲೇಜ ಬಿಟ್ಟು ಬಂದಿದ್ದ. 'ಇದಕ್ಕ ಪಂಕ್ ರಾಕ್ ಅಂತಾರ ಸಖಾರಾಮ. ಹಾಡಾಕ ಬರಬೇಕಂತಿಲ್ಲ, ಸಿಟ್ಟ ಬಂದ್ರ ಸಾಕು' ಅಂದ. ಸಿಟ್ಟಾದ್ರ ನನಗೂ ಬರತೈತಿ ಬಿಡು ಅಂದೆ. ಡಬ್ಬಾ ಹಿಡಕೊಂಡು ಕುಂತೆ.

'ಹತ್ತು ಥಾನ ನೇಯ್ದೇನಿ, ನನ್ನ ಅಂಗಿ ಹರದೈತಿ' ಅಂತ ಒದರಿದ ನೋಡು! ಮುಂದಿನ ಸಾಲಿನ ಹೆಣ್ಣಮಕ್ಕಳು ಕೂಸು ಎತ್ತಿಕೊಂಡು ಎದ್ದ್ರು. ಮಂಡಳದ ಅಧ್ಯಕ್ಷ ಆಬಾಸಾಹೇಬ, 'ಬಂದ್ ಕರಾ, ಬಂದ್ ಕರಾ' ಅಂತ ಮೈಕಿನ ವೈರ್ ಎಲ್ಲೈತೆಂತ ಹುಡಕಾಕತ್ತ. ಅಷ್ಟರಾಗ ಪಾಳಿ ಬಿಟ್ಟ ಲೂಮಿನ ಮಂದಿ ಬಂದ್ರು. ನಿಂತ್ರು. ಬಾಯಿ ತಕ್ಕೊಂಡು ನಿಂತ್ರು. ಒಬ್ಬ ಮುದುಕ ಅಳಾಕತ್ತ. ಯಾಕೋ ಕಾಕಾ ಅಂದ್ರ, 'ಹದಿನೈದು ವರ್ಷದ ಮ್ಯಾಲ ಒಂದ ಹಾಡು ಪೂರಾ ಕೇಳಿಸ್ತಪಾ' ಅಂದ. ಆ ದಿನದಿಂದ ಲೂಮಿನ ಮಂದಿ ಅಂವನ್ನ ಬಿಡಲಿಲ್ಲ.

ಮತ್ತ ಎಂಥಾ ಪಂಕ್ ಅಂವ! ಹೊತ್ತ ಮುಳಗೂದ್ರೊಳಗ ಊಟಾ ಆಗಬೇಕು. ತಾಲೀಮು ಅರ್ಧಕ್ಕ ಬಿಟ್ಟು, ಆ ಗಂಜಿ ತಲಿ ಹೊತ್ಕೊಂಡು, ನಿಮ್ಮವ್ವ ಕಟ್ಟಿದ ಭಕ್ಕರಿ ಬಿಚ್ಚಾಂವ. ಬೆನ್ನಿಗೆ ಒಂದ ಬಿಳಿ ಅರಿವಿ ಪಿನ್ನ ಹಾಕಿ ಚುಚ್ಚಿದ್ದ. ಬಂಡಾಯದ ಝಂಡಾ ಅಂತ ತಿಳಕೊಂಡು ಅಭಿಮಾನಿಗಳೆಲ್ಲಾ ತಾವೂ ಚುಚ್ಚಿಕೊಂಡ್ರು. ಏನದು ಗೊತ್ತಾತಲ್ಲ ನಿನಗ? ಹಾಂ, ನೀರು ಸೋಸೂ ಅರಿವಿ! ಸೋಸದ ನೀರು ಬಾಯಾಗ ಹಾಕಾಂವಲ್ಲ. ನಿಮ್ಮ ಗಡಹಿಂಗ್ಲಜದಾಗ ಒಂದ ಸಲ ಕಲ್ಲು ಒಗದ್ರು, ನಿಂತ. ಚಪ್ಪಲಿ ಒಗದ್ರು, ನಕ್ಕ. ಯಾರೋ ಒಂದ ತತ್ತಿ ಒಗದ್ರು ನೋಡು, ಸ್ಟೇಜ್ ಬಿಟ್ಟು ಓಡಿದ. ಮೂರು ಸಲ ಝಳಕಾ ಮಾಡಿ ಬಂದು, ಬಿಟ್ಟ ಸಾಲಿನಿಂದ ಮತ್ತ ಶುರು ಮಾಡಿದ. ಅಲ್ಲಿತನಕಾ ನಾ ಒಬ್ಬಾಂವನ ಡಬ್ಬಾ ಬಾರಿಸಿಕೋತ ಕುಂತಿದ್ದೆ.

ಏನಂದಿ? ಆವತ್ತ ನಿಮ್ಮಪ್ಪನೂ ಹಿಂದ ನಿಂತಿದ್ರಾ? ಎಂಟು ದಿನ ಅಂಗಡಿ ತಗೀಲಿಲ್ಲಾ… ಇದನ್ನ ಅಂವ ನನಗ ಹೇಳಿರಲಿಲ್ಲ ತಂಗಿ. ಎಲ್ಲಾ ಹೇಳಾಂವ, ಇದೊಂದ ಹೇಳಿರಲಿಲ್ಲ.

ಇರಲಿ. ಅವನ ಎಡಗಾಲಿನ ಸುದ್ದಿ ಕೇಳಿಯಲ್ಲ? ಕಡೀ ಎರಡು ವರ್ಷ ಅದು. ಸಾಲಿಗೊಮ್ಮೆ ಎಡಗಾಲಿನ ಹಿಮ್ಮಡಲೇ ಧಡ್ ಅಂತ ಹಲಗಿಗೆ ಒದಿಯಾಂವ. ಈಗ ಎಲ್ಲಾರೂ ಒದೀತಾರ. ಮುರಗೂಡ ಬಸ್ ಸ್ಟ್ಯಾಂಡಿನ್ಯಾಗ ಹುಡುಗೂರು ಒದೀತಾರ. ಗುಂಡ್ಯಾ ಒದ್ದು ಒದ್ದು ಹಿಮ್ಮಡಾ ಬಾವಸಿಕೊಂಡಾನ. ಐತವಾರ ಎರಡು ನಿಮಿಷ ಮೌನದ ಬದಲಿ ಎಲ್ಲಾರೂ ಎದ್ದು ನಿಂತು ಒಮ್ಮೆ ಒದಿಯೂದಂತ ಠರಾವ ಆಗೇತಿ. ಯಾಕ ಒದೀತಿದ್ದ ಅಂತಿ? ಒಬ್ಬೊಬ್ಬರು ಒಂದೊಂದು ಹೇಳತಾರ. ಸರಕಾರದ ಮ್ಯಾಲ ಸಿಟ್ಟು ಅಂತಾರ, ಮಾಲಕರ ಮ್ಯಾಲ ಅಂತಾರ, ಅಪ್ಪನ ಮ್ಯಾಲ ಅಂತಾರ. ನನ್ನ ಕೇಳಿದ್ರ, ಬೂಟಿನ್ಯಾಗ ಇರಿವಿ ಹೊಕ್ಕಿತ್ತು, ಜೈನರ ಹುಡುಗ, ಕೊಲ್ಲೂ ಹಂಗಿಲ್ಲ, ಅಂಜಿಸಿ ಹೊರಗ ಹಾಕತಿದ್ದ ಅಂತೇನಿ.

ಆ ಹಲಗಿ ಇಲ್ಲೇ ಐತಿ. ಈ ಮಂಚದ ಕೆಳಗ. ನಾ ಹಿಂಗ ಬಗ್ಗಿ ಎತ್ತತೇನಿ, ನೀ ಆ ಕಡಿಂದ ಜಗ್ಗು. ಹೂಂ… ಬಂತು. ನನ್ನ ತೊಡಿ ಮ್ಯಾಲ ಇಡು ಒಂದ ತುದಿ. ಧೂಳ ಝಾಡಿಸ್ತೇನಿ ತಡಿ. ನೋಡು, ಆ ತುದ್ಯಾಗ ಅವನ ಹಿಮ್ಮಡದ ಕುಳಿ. ಕೈ ಇಡು. ಇಡು, ನಿಮ್ಮಣ್ಣಂದ ಅದು.

ಇಷ್ಟ ಉದ್ದಂದು ಯಾಕ? ಈ ತುದಿ ನನ್ನ ಸ್ಟೂಲಿನ ಕೆಳಗ ಬರತಿತ್ತು. ಅದು… ಸ್ಟೇಜು ಮುರೀಬಾರದಂತ. ಅದಿರಲಿ, ನೀ ಹಾಡ ಕೇಳು.

ಈ ಜಾಗಾ ನೋಡು ಈಗ. ಇಲ್ಲೇ ಏರಸಾಂವ ಅಂವ. ಇಲ್ಲೇ ಅವನ ಧ್ವನಿ ಒಡೀತಿತ್ತು, ಹೊಸಾ ಅರಿವಿ ಹರದಂಗ. ಗುಂಡ್ಯಾಗ ಇದು ಏಳು ಜನ್ಮಕ್ಕೂ ಬರೂದಿಲ್ಲ. ಆಹಾ… ನಾ ಬೆರಳಲೇ ತಾಳ ಹಾಕತೇನಿ, ಹೊಂದತೈತಿ ನೋಡು. ಹೊಂದಾಕತ್ತೈತಿಲ್ಲೋ? ಕೇಳಿದಿ? ಎಂಥಾ ಒದರ ಅದು! ಇದನ್ನ ನಿಮ್ಮವ್ವ ಕೇಳಬೇಕು.

ಜಿನಮತಿ?

ಯಾಕ ಹಂಗ ಕುಂತಿ? ತಲೀನೂ ಅಲ್ಲಾಡಸವಲ್ಲಿ. ಅಳಾಕತ್ತೀಯಾ? ಅವಂದ ಧ್ವನಿ ತಂಗಿ, ಸಂಶೇ ಬ್ಯಾಡ. ಈಗ ಹಾಡಾಕತ್ತಾನಲ್ಲ, ಈ ಸಾಲು, ಇದನ್ನ ಅಂವ ಬಿಟ್ರ ಯಾರೂ… ಬಾಯಿ ತಗಿ ಒಮ್ಮೆ. ಏನರ ಅನ್ನು. ಚಹಾನೂ ಹಂಗ ಇಟ್ಟಿ. ಆರಿ ಹೋತು ನೋಡು, ಕೆನಿ ಕಟ್ಟೇತಿ.

ಕೆನಿ…

ಕೆನಿ ಕಟ್ಟೇತಿ.

ತಡಿ. ಕಾಲು ಕೆಳಗ ಇಡತೇನಿ. …ನೆಲಾ ಸುಮ್ನೈತಿ. ಕಿಡಕಿ ಹೊರಗ ಲೂಮಿನವರೆಲ್ಲಾ ಕಟ್ಟಿ ಮ್ಯಾಲ ಕುಂತು ಬೀಡಿ ಹಚ್ಚ್ಯಾರ. ಕರೆಂಟ್ ಹೋಗಿ ಎಷ್ಟೊತ್ತಾತು? ಹಲಗಿ ತಗದ ಕೂಡ್ಲೇ ಹೋತೇನು? ಚಕ್ರಾನೂ ನಿಂತಾವ. ಓಣಿಗೆ ಓಣಿ ಸುಮ್ಮನಾಗೇತಿ, ನಾ ಒಬ್ಬಾಂವ ಹಾಡು ಕೇಳಾಕತ್ತೇನಿ.

ಹಂಗ ನೋಡಬ್ಯಾಡ ನನ್ನ. ಬೈದು ಬಿಡು ಬೇಕಾದ್ರ, ಹಂಗ ನೋಡಬ್ಯಾಡ.

ಎಂಬತ್ತಮೂರರಾಗ ನನ್ನ ಕಿವಿ ಪೂರಾ ಹೋದವು. ಮೊದಲ ಎಡದು, ಆಮ್ಯಾಲೆ ಬಲದು. ಒಂದಿನ ಹಾಡಿನ ನಡುವ ನಾ ಬಾರಿಸಿಕೋತ ಎಲ್ಲೋ ಮುಂದ ಹೋಗಿದ್ದೆ, ಅಂವ ತಿರುಗಿ ನೋಡಿದ. ಅಷ್ಟ. ಒಂದ ಮಾತು ಕೇಳಲಿಲ್ಲ. ಮರುದಿನ ಮಂಡಪದವರ ಕಡಿಂದ ಈ ಹಲಗಿ ಹೊತ್ಕೊಂಡು ಬಂದ. ಆ ತುದಿ ತನ್ನ ಕಾಲಾಗ ಇಟ್ಟ, ಈ ತುದಿ ನನ್ನ ಕಾಲಾಗ. ತುಟಿ ಕಾಣುವಂಗ ನಿಂತು, 'ನಾ ಒದೀತೇನಿ, ನೀ ಬಾರಸು' ಅಂದ. ಯಾರ ಮ್ಯಾಲೂ ಸಿಟ್ಟಲ್ಲ ತಂಗಿ ಅದು. ನಿಮ್ಮಪ್ಪನ ಮ್ಯಾಲಂತೂ ಅಲ್ಲ, ಮನಿಗೆ ಹೋಗಿ ಹೇಳು. ಆ ಕಾಲು ನನ್ನ ಸಲುವಾಗಿ. ಎರಡು ವರ್ಷ, ಯಾರಿಗೂ ಹೇಳಲಿಲ್ಲ ಅಂವ. ಅಂವ ಹೋದಮ್ಯಾಲ ನಾನೂ ಹೇಳಲಿಲ್ಲ. ಕಿವುಡ ಡಬ್ಬಾದಾಂವಗ ಸ್ಟೇಜಿನ ಮ್ಯಾಲ ಖುರ್ಚಿ ಯಾರ ಇಡತಾರ? ಇವತ್ತ ಆ ಖುರ್ಚಿ ಸಲುವಾಗಿ ನಿಮ್ಮವ್ವನ ಮುಂದ ಯಾರದೋ ಧ್ವನಿ ಹಾಕಸತಿದ್ದೆ. ನಾಚಿಕಿ ಬರತೈತಿ ನನಗ.

ಏಳಬ್ಯಾಡ. ಕುಂದರು. ಒಂದ ದಾರಿ ಐತಿ.

ಗುಂಡ್ಯಾ ನೋಡಿ ಕಲತಾಂವ. ಬಾಯಿ, ಕಾಲು ಎರಡೂ ಕೂಡೇ ಬರತಾವ ಅಂವಂದು. ನಾ ಎದುರ ಕುಂತು ನೋಡೇನಿ. ನಿಮ್ಮಣ್ಣಂದು ಮೊದಲ ಕಾಲು, ಅದರ ಹಿಂದ ಹಾಡು. ನನ್ನ ಕೈ ಏಳಾಕ ಅಷ್ಟ ಯಾಳೆ ಬೇಕಂತ ಅಂವಗ ಗೊತ್ತಿತ್ತು. ಇದು ನಮ್ಮಿಬ್ಬರನ್ನ ಬಿಟ್ಟು ಯಾರಿಗೂ ಗೊತ್ತಿಲ್ಲ.

ನೋಡು, ಬೀಡಿ ಒಗದು ಒಳಗ ಓಡಾಕತ್ತ್ರು. ನೆಲಾನೂ ಮತ್ತ ನಡಗಾಕತ್ತೈತಿ. ಬಂತು. ಕ್ಯಾಸೆಟ್ಟು ಮೊದಲಿಂದ ಹಾಕು. ಹಲಗಿ ಕೆಳಗ ಇಳಸೂಣ. ಆ ಕುಳ್ಯಾಗ ನಿನ್ನ ಹಿಮ್ಮಡಾ ಇಡು, ಈ ತುದಿಗೆ ನನ್ನ ಕಾಲು. ಅದರಾಗ ಧಡ್ ಅಂತ ಕೇಳಿಸಿದಾಗ ಒದಿ. ಹಾಡು ಬಂದಾಗ ಅವನ ಕೂಡ ತುಟಿ ಅಲ್ಲಾಡಸು. ಧ್ವನಿ ಬ್ಯಾಡ, ತುಟಿ ಸಾಕು. ನಾ ನೋಡತೇನಿ. ಗುಂಡ್ಯಾಂದಾದ್ರ ಗುಂಡ್ಯಾಂದ ಅಂತೇನಿ ಈ ಸಲ.

ಒತ್ತು.

…

ಒದ್ದಿ.

ಆಮ್ಯಾಲೆ ತುಟಿ. 'ಹತ್ತು ಥಾನ ನೇಯ್ದೇನಿ…'

ಮತ್ತ ಒದ್ದಿ. …ಆಮ್ಯಾಲೆ ತುಟಿ.

ಅಳಬ್ಯಾಡ ತಂಗಿ, ತುಟಿ ನಡಗಿದ್ರ ನನಗ ಓದಾಕ ಬರೂದಿಲ್ಲ. ಒದಿಕೋತ ಇರು. ನಿಲ್ಲಸಬ್ಯಾಡ. ನಿನ್ನ ಹಿಂದ ಆ ಎಣ್ಣಿ ಡಬ್ಬಾ ಐತಿ, ನಾನ ತಗೋತೇನಿ.