ಕೊನೆಯವರು ಬಂದ ಕೂಡಲೇ ಹೊರಡುವ ಪದ್ಧತಿ ಮತ್ತು ಐದು ಒಂಟಿ ಸ್ಕೀಗಳ ಬಗ್ಗೆ

ವಾಲ್‌ಬುರ್ಗಾ ಹಾಸ್ಲರ್, ವಯಸ್ಸು 58, ಉದ್ಯೋಗ ಬ್ರೆಡ್ ಅಂಗಡಿ, ಜೊತೆಗೆ ಊರ ವಾದ್ಯತಂಡದಲ್ಲಿ ಟ್ಯೂಬಾ ಊದುವುದು, ವಾಸ ಮನೆ ನಂ. 14, ಓಬರ್‌ಲೆನ್ ಗ್ರಾಮ, ಟಿರೋಲ್, ಆದ ನಾನು ಠಾಣೆಗೆ ಕರೆಸಿದ್ದಕ್ಕೆ ಬಂದು, ಯಾರ ಬಲವಂತವೂ ಇಲ್ಲದೆ ಈ ಮೂಲಕ ತಿಳಿಸುವುದೇನೆಂದರೆ:

ನಮ್ಮ ತಂಡದ ಆರು ಮಂದಿ ಪ್ರತಿ ಫೆಬ್ರವರಿಯಲ್ಲಿ ಸ್ಕೀಯಿಂಗ್‌ಗೆ ಹೋಗುತ್ತೇವೆ. ಇದು ಹತ್ತೊಂಬತ್ತನೇ ವರ್ಷ. ಮುಂದೆ ಹೋದವರು ತಿರುವಿನಲ್ಲಿ ನಿಂತು ಹಿಂದಿನವರಿಗೆ ಕಾಯಬೇಕು. ಕೊನೆಯವರು ಬಂದ ಕೂಡಲೇ ಎಲ್ಲರೂ ಹೊರಡಬೇಕು. ಇದನ್ನು ಸೌಜನ್ಯ ಎನ್ನುತ್ತಾರೆ. ಕಾದವರಿಗೆ ವಿಶ್ರಾಂತಿ, ಬಂದವರಿಗೆ ಅವರ ಬೆನ್ನಿನ ದರ್ಶನ. ಹತ್ತೊಂಬತ್ತು ವರ್ಷದಿಂದ ಕೊನೆಯವಳು ನಾನೇ.

ದಿನಾಂಕ 14ರ ಶನಿವಾರ ಬೆಳಿಗ್ಗೆ 11:40ಕ್ಕೆ ಮೂರನೇ ತಿರುವು ತಲುಪಿದೆ. ಉಳಿದವರು ಆರು ನಿಮಿಷದಿಂದ ಅಲ್ಲಿ ಚಾಕೊಲೇಟ್ ತಿನ್ನುತ್ತಿದ್ದರು. ತಂಡದ ಮುಖಂಡ, ಡೋಲು ಬಾರಿಸುವ ಎಗಾನ್ ಪ್ಲಾಟ್ನರ್, "ಬಂದ್ಲಪ್ಪಾ ಮಹಾರಾಣಿ! ನಡೀರಿ, ನಡೀರಿ" ಎಂದು ಸ್ಕೀ ಕೋಲು ಎತ್ತಿದರು. ಒಂದು ನಿಮಿಷ ಉಸಿರಾಡುತ್ತೇನೆ ಎಂದೆ. "ಇಳೀತಾ ಇಳೀತಾ ಉಸಿರಾಡು ಬುರ್ಗಾ" ಎಂದರು. ಡೋಲಿನವರಿಗೆ ಉಸಿರಿನ ವಿಷಯ ತಿಳಿಯದು ಎಂಬುದನ್ನು ದಾಖಲಿಸಿಕೊಳ್ಳಬೇಕಾಗಿ ವಿನಂತಿ.

12:50ಕ್ಕೆ ಬೆಟ್ಟದ ಹೋಟೆಲಿನಲ್ಲಿ ಊಟಕ್ಕೆ ಕುಳಿತೆವು. ಎಗಾನ್ ಎಲ್ಲರೆದುರು, ಮುಂದಿನ ವರ್ಷದಿಂದ ನನ್ನನ್ನು ಕರೆದೊಯ್ಯುವುದಿಲ್ಲವೆಂದೂ, "ನೀನು ಊರಲ್ಲೇ ಇದ್ದು ನಮಗೆ ಸೂಪ್ ಕಾಯಿಸಿಡು ತಾಯಿ" ಎಂದೂ ಹೇಳಿದರು. ಮೂವರು ನಕ್ಕರು. ಎಗಾನ್‌ರ ಹೆಂಡತಿ, ಕ್ಲಾರಿನೆಟ್ ಊದುವ ಟ್ರೌಡಿ ನಗಲಿಲ್ಲ. ನಿಧಾನದಲ್ಲಿ ನನ್ನ ನಂತರದವರು ಅವರೇ. ನಾನು ಬರದಿದ್ದರೆ ಕೊನೆಯ ಸ್ಥಾನ ಅವರ ಪಾಲು. "ಕೈ ತೊಳ್ಕೊಂಡ್ ಬರ್ತೀನಿ" ಎಂದು ಎದ್ದು ಹೋದರು.

ಕಳ್ಳರ ಭಯಕ್ಕೆ ನಾವು ಜೋಡಿಗಳನ್ನು ಅಗಲಿಸಿ, ಒಂದು ಸ್ಕೀಯನ್ನು ಬಾಗಿಲ ಎಡಕ್ಕೆ, ಇನ್ನೊಂದನ್ನು ಬಲಕ್ಕೆ ನಿಲ್ಲಿಸುವುದು ರೂಢಿ. ಒಂಟಿ ಸ್ಕೀ ಯಾವ ಕಳ್ಳನಿಗೂ ಬೇಡ. ನನಗೆ ಬೇಕಿತ್ತು. 1:25ಕ್ಕೆ, ನನ್ನ ಜೋಡಿಯ ಜೊತೆ ಅವರೈವರ ಎಡಬದಿಯ ಸ್ಕೀಗಳನ್ನೂ ಹೋಟೆಲಿನ ಏಕೈಕ ಜಾರುಬಂಡಿಗೆ ಕಟ್ಟಿ, ಮಾಲೀಕರಿಗೆ ಹೇಳಿಯೇ, ಕಾಡುದಾರಿಯಲ್ಲಿ 3.2 ಕಿ.ಮೀ. ಜಾರಿ 11 ನಿಮಿಷದಲ್ಲಿ ಕಣಿವೆ ತಲುಪಿದೆ. ಬಿಸಿಲಿನಲ್ಲಿ ಕುಳಿತೆ. ಕಾಯುವುದು ಬಹಳ ಹಿತವಾದ ಕೆಲಸವೆಂದು ತಿಳಿದುಬಂತು.

ಹೋಟೆಲಿನಿಂದ ಕೆಳಕ್ಕೆ ಲಿಫ್ಟ್ ಇಲ್ಲ. ಅವರೈವರೂ ಉಳಿದ ಒಂಟಿ ಸ್ಕೀ ಹೆಗಲಿಗೇರಿಸಿ, ಭಾರದ ಬೂಟಿನಲ್ಲಿ ನಡೆದೇ ಬಂದರು. ನಾಲ್ವರು 3:05ಕ್ಕೆ. ಎಗಾನ್ 3:21ಕ್ಕೆ, ಹಿಮ್ಮಡಿಯಲ್ಲಿ ಗುಳ್ಳೆ ಎದ್ದು. ಅವರು ತಲುಪಿದ ಕೂಡಲೇ ನಾಲ್ವರೂ ಎದ್ದು ಬಸ್ಸಿನ ಕಡೆ ಹೊರಟರು. "ತಡೀರೋ, ಒಂದ್ನಿಮಿಷ!" ಎಂದು ಎಗಾನ್ ಕೂಗಿದರು. ಯಾರೂ ತಿರುಗಲಿಲ್ಲ, ಪದ್ಧತಿ. ಎಲ್ಲರ ಸ್ಕೀಗಳನ್ನೂ ಗೀರಿಲ್ಲದೆ ಒಪ್ಪಿಸಿ, ನಾನೊಬ್ಬಳೇ ಅವರ ಪಕ್ಕ ಐದು ನಿಮಿಷ ಕಾದೆ. ಅವರು ಸೋಮವಾರ ದೂರು ಕೊಟ್ಟರು.

ಕ್ಷಮೆ ಕೇಳಿದರೆ ದೂರು ಹಿಂಪಡೆಯುತ್ತಾರೆಂದು ಇನ್‌ಸ್ಪೆಕ್ಟರ್ ತಿಳಿಸಿದರು. ಕೇಳುವುದಿಲ್ಲ. ಮುಂದಿನ ವರ್ಷವೂ ಹೋಗುತ್ತೇನೆ, ಕೊನೆಯವಳಾಗಿಯೇ ಬರುತ್ತೇನೆ, ಬಂದಮೇಲೆ ಐದು ನಿಮಿಷ ನಿಲ್ಲುತ್ತೇನೆ. ಆಗದವರು ಟ್ಯೂಬಾ ಇಲ್ಲದೆ ಮೆರವಣಿಗೆ ನಡೆಸಿಕೊಳ್ಳಲಿ.

ಅಷ್ಟು ಸ್ಕೀಗಳನ್ನು ಒಬ್ಬರೇ ಕಟ್ಟಲಾಗದು, ಹಗ್ಗದ ಇನ್ನೊಂದು ತುದಿ ಹಿಡಿದವರು ಯಾರು ಎಂದು ಇನ್‌ಸ್ಪೆಕ್ಟರ್ ಕೇಳಿದರು. ಹೆಸರು ಹೇಳುವುದಿಲ್ಲ. ಪಾಪ, ಅವರು ಅಂದಿನಿಂದ ಮನೆಯಲ್ಲಿ ಗಂಡನ ಗೊಣಗಾಟ ಕೇಳುತ್ತಿದ್ದಾರೆ. ಆ ಶಿಕ್ಷೆ ಸಾಕು.

ಮೇಲಿನದನ್ನು ಓದಿಸಿ ಕೇಳಿದೆ. ಹೇಳಿದ್ದೆಲ್ಲ ನಿಜ, ಹೇಳದೆ ಬಿಟ್ಟದ್ದೂ ನಿಜ.

ಸ್ಥಳ: ಓಬರ್‌ಲೆನ್
ದಿನಾಂಕ: 17 ಫೆಬ್ರವರಿ
ಸಹಿ: ವಾ. ಹಾಸ್ಲರ್